ನಾಗಪುರದ ಅಂಬಾಝರಿ ಕೆರೆ ಸುತ್ತ, ಭಾನುವಾರದ ಲಾಂಗ್ ರನ್

— ಚಿಕ್ಕಮ್ಮ, ಕೊನೇವರೆಗೂ ಇದೇ ವೇಗನಾ? ವಾಚಿನಲ್ಲಿ ಕಿಲೋಮೀಟರಿಗೆ ಏಳೂವರೆ ನಿಮಿಷ ತೋರಿಸ್ತಿದೆ.

— ಇದೇ ವೇಗ. ಈಗ ಒಂದೇ ಉಸಿರಿನಲ್ಲಿ ಎರಡು ಮಾತು ಆಡಿದೆಯಲ್ಲ, ಅದೇ ಅಳತೆ. ಮಾತು ತುಂಡು ತುಂಡಾಗಿ ಬರೋಕೆ ಶುರುವಾದರೆ ಇನ್ನೂ ನಿಧಾನ ಮಾಡು. ಇವತ್ತು 28 ಕಿಲೋಮೀಟರ್ ಇದೆ.

— ಜನವರಿಯಲ್ಲಿ ಮುಂಬೈ ಮ್ಯಾರಥಾನ್‌ನಲ್ಲಿ ಆರು ನಿಮಿಷದ ಲೆಕ್ಕಕ್ಕೆ ಓಡಬೇಕು ಅಂತ ಆಸೆ ನನಗೆ. ಏಳೂವರೆಯಲ್ಲಿ ಓಡಿದರೆ ಆರು ಎಲ್ಲಿಂದ ಬರುತ್ತೆ?

— ಬುಧವಾರ ಟ್ರ್ಯಾಕಿನಲ್ಲಿ ಓಡ್ತೀಯಲ್ಲ, ಅಲ್ಲಿಂದ ಬರುತ್ತೆ. ಆದರೆ ಆ ಬುಧವಾರವನ್ನ ತಾಳಿಕೊಳ್ಳೋ ದೇಹ ಇಲ್ಲಿ ತಯಾರಾಗುತ್ತೆ. ನ್ಯೂಜಿಲೆಂಡಿನಲ್ಲಿ ಆರ್ಥರ್ ಲಿಡಿಯಾರ್ಡ್ ಅಂತ ಕೋಚ್ ಇದ್ದ. ಬೂಟಿನ ಕಾರ್ಖಾನೆಯಲ್ಲಿ ದುಡೀತಿದ್ದ ಮನುಷ್ಯ. ತನ್ನ ಹುಡುಗರನ್ನ ಆಕ್ಲೆಂಡಿನ ಪಕ್ಕದ ವೈಟಾಕೆರೆ ಬೆಟ್ಟಗಳಲ್ಲಿ 22 ಮೈಲಿ ಸುತ್ತಿಸ್ತಿದ್ದ, ಅಂದರೆ ಸುಮಾರು 35 ಕಿಲೋಮೀಟರ್. ಮಳೆ, ಕೆಸರು, ಏರು, ಇಳಿ, ಏನಿದ್ದರೂ ಸರಿ. ಆ ಗುಂಪಿನಲ್ಲಿ ಪೀಟರ್ ಸ್ನೆಲ್ ಇದ್ದ. ಅವನ ಸ್ಪರ್ಧೆ 800 ಮೀಟರ್, ಎರಡು ನಿಮಿಷದೊಳಗೆ ಮುಗಿದುಹೋಗೋದು! ಅವನಿಗೂ ಅದೇ ಬೆಟ್ಟ, ಅದೇ ದೂರ. 1960ರ ರೋಮ್ ಒಲಿಂಪಿಕ್ಸಿನಲ್ಲಿ ಸ್ನೆಲ್ 800 ಮೀಟರ್ ಗೆದ್ದ, ಅದೇ ದಿನ ಅವನ ಜೊತೆಗಾರ ಮರ್ರೆ ಹಾಲ್‌ಬರ್ಗ್ 5000 ಮೀಟರ್ ಗೆದ್ದ, ಇನ್ನೊಬ್ಬ ಜೊತೆಗಾರ ಬ್ಯಾರಿ ಮಗೀ ಮ್ಯಾರಥಾನಿನಲ್ಲಿ ಕಂಚು ತಂದ. ಒಂದೇ ಊರಿನ ಕೆಸರಿನಲ್ಲಿ ಪಳಗಿದವರು.

— ಒಳಗೆ ಏನಾಗುತ್ತೆ ಅಂತ ಹೇಳಿ. ಕಾಲಿಗೆ ಹತ್ತೋದು ಬರೀ ಸುಸ್ತು ಅನ್ನಿಸುತ್ತೆ.

— ಸ್ನಾಯುಗಳಲ್ಲಿ ಲೋಮನಾಳಗಳು ಹೆಚ್ಚುತ್ತವೆ, ಜೀವಕೋಶದೊಳಗೆ ಮೈಟೊಕಾಂಡ್ರಿಯಾ ಹೆಚ್ಚುತ್ತೆ, ಕೊಬ್ಬನ್ನ ಉರಿಸಿ ಓಡೋ ಅಭ್ಯಾಸ ದೇಹಕ್ಕೆ ಬರುತ್ತೆ. ಸ್ನಾಯು, ಯಕೃತ್ತು ಎರಡರಲ್ಲೂ ಸೇರಿಸಿ ಗ್ಲೈಕೋಜೆನ್ ಇರೋದು ಸುಮಾರು 2,000 ಕ್ಯಾಲೊರಿಯಷ್ಟು. ಜೋರಾಗಿ ಓಡಿದರೆ ಮೊದಲು ಅದೇ ಖರ್ಚಾಗುತ್ತೆ. 30 ಕಿಲೋಮೀಟರ್ ದಾಟಿದ ಮೇಲೆ ಎಷ್ಟೋ ಜನ ರಸ್ತೆ ಪಕ್ಕ ಕೂತುಬಿಡೋದು ಅದಕ್ಕೇ. ಎರಡು ಮೂರು ಗಂಟೆ ನಿಧಾನವಾಗಿ ಓಡೋದರಿಂದ ಬರೋ ಬದಲಾವಣೆ, ಅರ್ಧ ಗಂಟೆ ಜೋರಾಗಿ ಓಡಿದರೆ ಬರಲ್ಲ. ಎಲುಬು, ಸ್ನಾಯುರಜ್ಜು ಗಟ್ಟಿಯಾಗೋಕೂ ತಿಂಗಳುಗಟ್ಟಲೆ ಬೇಕು. ಜೂನಿನಿಂದ ಸೆಪ್ಟೆಂಬರ್‌ವರೆಗೆ ನಮಗೆ ಸಿಗೋದು ಆ ಕಾಲ.

— ಸರಿ, ಆದರೆ ಈ ಮಳೆಯಲ್ಲೇ ಯಾಕೆ? ಊರಲ್ಲಿ ಆಷಾಢ ಬಂದರೆ ಅಜ್ಜಿ ಅಂಗಳಕ್ಕೂ ಬಿಡ್ತಿರಲಿಲ್ಲ.

— ತೀರ್ಥಹಳ್ಳಿ ಮಳೆ ಬೇರೆ, ಇದು ಬೇರೆ. ನಮ್ಮ ಕಡೆಯ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತೆ, ಇಲ್ಲಿ ಸುಮಾರು 1,100. ಊರಲ್ಲಿ ವಾರಗಟ್ಟಲೆ ಬಿಡದೆ ಹೊಯ್ಯುತ್ತೆ, ಇಲ್ಲಿ ಬಂದು ಬಾರಿಸಿ ಹೋಗುತ್ತೆ. ನೀನು ಇಲ್ಲಿಗೆ ಬಂದಿದ್ದು ಜುಲೈನಲ್ಲಿ. ಮೇ ತಿಂಗಳ ನಾಗಪುರ ನೋಡಿಲ್ಲ, 45 ಡಿಗ್ರಿ, ಬೆಳಗಿನ ಆರು ಗಂಟೆಗೇ ಬಿಸಿಗಾಳಿ. ಆ ದಿನಗಳಲ್ಲಿ ಇಲ್ಲಿ ಹೊರಗೆ ಉದ್ದ ಓಡೋ ಹಾಗೇ ಇಲ್ಲ. ಮಳೆ ಬಿದ್ದ ಮೇಲೇ ನಮ್ಮ ಹಂಗಾಮು.

— ತಂಪಾಗಿದೆ ಅನ್ನಿಸಿದರೂ ಅಂಗಿ ಹಿಂಡಿದರೆ ನೀರು ಸುರಿಯುತ್ತೆ.

— ಅದು ಮಳೆ ನೀರಷ್ಟೇ ಅಲ್ಲ, ಬೆವರೂ ಹೌದು. ಗಾಳಿಯಲ್ಲಿ ತೇವ ತುಂಬಿರುವಾಗ ಬೆವರು ಆರಲ್ಲ, ಆರದಿದ್ದರೆ ಮೈ ತಣಿಯಲ್ಲ, ಎದೆಬಡಿತ ಏರುತ್ತಾ ಹೋಗುತ್ತೆ. ಹಾಗಂತ ಬಾಯಾರಿಕೆ ಇಲ್ಲದೆ ನೀರು ಕುಡೀತಾ ಇರಬೇಡ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ 488 ಓಟಗಾರರ ರಕ್ತ ಪರೀಕ್ಷೆ ಮಾಡಿದಾಗ ನೂರಕ್ಕೆ 13 ಜನರಲ್ಲಿ ಸೋಡಿಯಂ ಇರಬೇಕಾದ್ದಕ್ಕಿಂತ ಕೆಳಗಿತ್ತು. ವಿಪರೀತ ನೀರು ಕುಡಿದು ತೂಕ ಹೆಚ್ಚಿಸಿಕೊಂಡು ಬಂದವರಲ್ಲೇ ಅದು ಹೆಚ್ಚು ಕಂಡಿದ್ದು. ಆ ಬಾಟಲಿಯಲ್ಲಿ ನಿಂಬೆರಸ, ಉಪ್ಪು, ಸಕ್ಕರೆ ಹಾಕಿದ್ದೀನಿ. ಬೇಕು ಅನ್ನಿಸಿದಾಗ ಎರಡು ಗುಟುಕು ಕುಡಿ. ತೊಡೆಸಂದಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡಿದ್ದೀಯಾ?

— ಹಚ್ಚಿದ್ದೀನಿ ಚಿಕ್ಕಮ್ಮ. ಒಂದು ನಿಮಿಷ ನಿಲ್ಲಿ. ಶೂ ಎತ್ತೋಕೇ ಆಗ್ತಿಲ್ಲ.

— ತಿರುಗಿಸು, ನೋಡೋಣ. ಹೂಂ, ಎರಡು ಬೆರಳು ದಪ್ಪ ಮೆತ್ತಿದೆ. ಕೈ ಹಾಕಬೇಡ, ಇನ್ನೂ ಮೆತ್ತಿಕೊಳ್ಳುತ್ತೆ. ಅಗೋ, ಆ ಸಾಗುವಾನಿ ಕಡ್ಡಿ ತಗೊಂಡು ಹಿಮ್ಮಡಿಯಿಂದ ಮುಂದಕ್ಕೆ ಕೆರೆ. ಆ ಗೀರುಗಳ ಸಂದಿಯಲ್ಲಿ ಕೂತಿರೋ ಸಣ್ಣ ಕಲ್ಲನ್ನೂ ತೆಗಿ, ಇಲ್ಲದಿದ್ದರೆ ಅದರ ಸುತ್ತ ಮತ್ತೆ ಕಟ್ಟುತ್ತೆ. ರಸ್ತೆಗೆ ಅಂತ ಮಾಡಿದ ಶೂ ಇದು, ಈ ಮಣ್ಣಿಗೆ ಅಲ್ಲ.

— ನಮ್ಮ ಕಡೆ ಜಂಬಿಟ್ಟಿಗೆ ಮಣ್ಣು ಹೀಗೆ ಅಂಟಲ್ಲ. ಜಾರುತ್ತೆ ಅಷ್ಟೇ.

— ಇದು ಎರೆಮಣ್ಣು. ನಾಗಪುರ ಇರೋದು ದಖ್ಖನ್ನಿನ ಕಪ್ಪುಕಲ್ಲು ಮುಗಿಯೋ ಅಂಚಿನಲ್ಲಿ. ಊರಿನ ಪಶ್ಚಿಮಕ್ಕೆ ಬಸಾಲ್ಟ್, ಪೂರ್ವಕ್ಕೆ ಹೋದರೆ ಅದಕ್ಕಿಂತ ಎಷ್ಟೋ ಹಳೇ ನೈಸ್ ಶಿಲೆ. ನಾವು ಓಡ್ತಿರೋದು ಬಸಾಲ್ಟ್ ಸವೆದು ಆದ ಮಣ್ಣಿನ ಮೇಲೆ. ನೀರು ಕುಡಿದರೆ ಇದು ಉಬ್ಬುತ್ತೆ, ಒಣಗಿದರೆ ಕುಗ್ಗುತ್ತೆ. ಮೇ ತಿಂಗಳಲ್ಲಿ ಇದೇ ಜಾಗದಲ್ಲಿ ಅಂಗೈ ತೂರುವಷ್ಟು ಬಿರುಕು ಇರುತ್ತೆ. ಆರಿದ್ರಾ ಮಳೆಯ ನೀರು ಆ ಬಿರುಕುಗಳಲ್ಲಿ ಇಳಿದು ಮಾಯವಾಗುತ್ತೆ, ಕೆರೆಗೆ ಹನಿ ನೀರು ಬರಲ್ಲ. ಪುಷ್ಯ, ಆಶ್ಲೇಷ ಅನ್ನೋ ಹೊತ್ತಿಗೆ ಮಣ್ಣು ಉಬ್ಬಿ ಬಿರುಕು ಮುಚ್ಚಿರುತ್ತೆ. ಆಮೇಲೆ ಬಿದ್ದ ನೀರು ಒಳಗೆ ಇಳಿಯೋದು ಬಹಳ ನಿಧಾನ, ಹೆಚ್ಚಿನದು ಮೇಲೇ ಹರಿಯುತ್ತೆ. ನಮ್ಮ ದಾರಿಯನ್ನೇ ನೋಡು. ಜೂನಿನಲ್ಲಿ ಈ ತಗ್ಗು ಪುಡಿಪುಡಿಯಾಗಿತ್ತು, ಈಗ ಹಳ್ಳವಾಗಿ ಹರೀತಿದೆ. ಮೋಡ ನೋಡದೆ ಬರೀ ಕಾಲು ನೋಡಿದರೂ ಯಾವ ಮಳೆ ನಡೀತಿದೆ ಅಂತ ನಾನು ಹೇಳಬಲ್ಲೆ.

— ಹಾಗಾದರೆ ಮಳೆಗಾಲದ ಕೊನೆಗೆ ಬೀಳೋ ಮಳೆಯೇ ಹೆಚ್ಚು ಅಪಾಯ?

— ಅದೇ ಆಗಿದ್ದು 2023ರಲ್ಲಿ. ಸೆಪ್ಟೆಂಬರ್ 22ರ ರಾತ್ರಿ ಕಳೆದು 23ರ ನಸುಕು. ಉತ್ತರೆ ಮಳೆ. ಮಣ್ಣು ತುಂಬಿತ್ತು, ಕೆರೆ ತುಂಬಿತ್ತು. ನಾಲ್ಕು ಗಂಟೆಯೊಳಗೆ 100 ಮಿಲಿಮೀಟರಿಗಿಂತ ಹೆಚ್ಚು ಬಿತ್ತು, ವರ್ಷದ ಮಳೆಯಲ್ಲಿ ಹತ್ತರಲ್ಲೊಂದು ಪಾಲು ಒಂದೇ ರಾತ್ರಿಗೆ. ಅಂಬಾಝರಿ ಕೋಡಿ ಹರಿದು, ಕೆಳಗಿನ ಬಡಾವಣೆಗಳಿಗೆ ಜನ ಮಲಗಿರುವಾಗಲೇ ನೀರು ನುಗ್ಗಿತು. ಸೀತಾಬರ್ಡಿಯ ಮೋರ್ ಭವನ ಬಸ್ ನಿಲ್ದಾಣದಲ್ಲಿ ಬಸ್ಸುಗಳು ನೀರಿನಲ್ಲಿ ನಿಂತಿದ್ದವು. ಜನ ಸತ್ತರು, ಸಾವಿರಾರು ಮನೆಗಳು ಹಾಳಾದವು. ನನ್ನ ಜೊತೆ ಓಡೋ ಒಬ್ಬಾಕೆಯ ಮನೆ ಅಂಬಾಝರಿ ಲೇಔಟಿನಲ್ಲಿ. ಮಧ್ಯಾಹ್ನ ಪೊರಕೆ, ಬಕೆಟ್ ತಗೊಂಡು ಹೋದೆವು. ಫ್ರಿಜ್ ಅಂಗಾತ ಬಿದ್ದಿತ್ತು, ಅಕ್ಕಿ ಡಬ್ಬದೊಳಗೆ ಕೆಸರು, ಗೋಡೆಯ ಮೇಲೆ ನನ್ನ ಎದೆಮಟ್ಟಕ್ಕೆ ನೇರವಾಗಿ ಒಂದು ಕಂದು ಗೆರೆ. ಆ ಕೆಸರನ್ನ ಬಳಿಯುವಾಗ ಬೆರಳಿಗೆ ಗೊತ್ತಾಯಿತು, ಪ್ರತಿ ಭಾನುವಾರ ಶೂನಿಂದ ಕೆರೆದು ತೆಗೀತಿದ್ದ ಇದೇ ಎರೆಮಣ್ಣು ಅಂತ.

— ಅಷ್ಟು ದೊಡ್ಡ ಕೆರೆಗೆ ಒಂದೇ ಕೋಡಿನಾ?

— 1870ರಲ್ಲಿ ಕಟ್ಟಿದ್ದು ಕಣೋ. ಪಶ್ಚಿಮದ ಲಾವಾ ಗುಡ್ಡಗಳಲ್ಲಿ ಹುಟ್ಟಿ ಬರೋ ನಾಗ ನದಿಗೆ ಅಡ್ಡ ಏರಿ ಹಾಕಿ ಊರಿಗೆ ಕುಡಿಯೋ ನೀರು ಕೊಟ್ಟರು. ಆಗಿನ ಊರೆಷ್ಟು, ಈಗಿನ ಊರೆಷ್ಟು! ಈಗ ಕುಡಿಯೋ ನೀರು ಪೆಂಚ್, ಕನ್ಹಾನ್‌ಗಳಿಂದ ಬರುತ್ತೆ. ಅಲ್ಲಿಗೆ ಅಂಬಾಝರಿಯನ್ನ ಜನ ಮರೆತರು. ನಾಗ ನದಿ ಅಂದರೆ ಊರೊಳಗಿನ ಮೋರಿ ಅಂತಲೇ ಅನೇಕರು ತಿಳಿದಿರೋದು. ಅದು ಪೂರ್ವಕ್ಕೆ ಹರಿದು ಕನ್ಹಾನ್ ಸೇರಿ, ವೈನಗಂಗಾ, ಪ್ರಾಣಹಿತಾ ಮೂಲಕ ಗೋದಾವರಿಗೆ ಹೋಗೋ ನದಿ. ಪ್ರವಾಹ ಆದ ಮೇಲೆ ವಿಷಯ ಹೈಕೋರ್ಟಿಗೆ ಹೋಯಿತು. ಕೋಡಿಯ ಎದುರಿಗೇ ಕಟ್ಟಿದ್ದ ವಿವೇಕಾನಂದ ಸ್ಮಾರಕ ನೀರಿಗೆ ಅಡ್ಡವೋ ಅಲ್ಲವೋ ಅಂತ ವಾದ ನಡೆಯಿತು. ನಾನು ವಿವೇಕಾನಂದರನ್ನ ಪೂಜಿಸೋಳು. ಆದರೂ ಹೇಳ್ತೀನಿ, ಕೋಡಿಯ ಬಾಯಿಯಲ್ಲಿ ಏನನ್ನೂ ಕಟ್ಟಬಾರದು, ಯಾರ ಹೆಸರಿನಲ್ಲೂ ಕಟ್ಟಬಾರದು. ನಮ್ಮೂರ ಕಡೆ ಕೆರೆ ಕಟ್ಟಿದವರಿಗೆ ಇದನ್ನ ಯಾರೂ ಹೇಳಿಕೊಡಬೇಕಿರಲಿಲ್ಲ.

— ಹುಷಾರು, ಹಳ್ಳ ಬಂತು. ಮೊಣಕಾಲಿನವರೆಗೆ ಇರಬಹುದು. ದಾಟೋಣವಾ?

— ಬೇಡ. ನಿನ್ನ ಹಿಮ್ಮಡಿಯಲ್ಲಿ ಬೊಬ್ಬೆ ಒಡೆದಿದೆ, ನಾನು ನೋಡಿದೆ. ಗಾಯದ ಕಾಲನ್ನ ನಿಂತ ನೀರಿಗೆ ಇಟ್ಟರೆ ಇಲಿಜ್ವರ ಬರೋ ಸಾಧ್ಯತೆ ಇರುತ್ತೆ. ತಳ ಕಾಣದ ನೀರಿನಲ್ಲಿ ಕಾಲಿಡಲೂ ಬಾರದು. ಸುತ್ತಿಕೊಂಡು ಹೋಗೋಣ, ಅರ್ಧ ಕಿಲೋಮೀಟರ್ ಹೆಚ್ಚಾಗುತ್ತೆ, ಆಗಲಿ. ಗುಡುಗು ಶುರುವಾದರೆ ಮಾತ್ರ ಓಟ ಅಲ್ಲಿಗೇ ನಿಲ್ಲಿಸಿ ಕಟ್ಟಡದೊಳಗೆ. ವಿದರ್ಭದಲ್ಲಿ ಪ್ರತಿ ಮಳೆಗಾಲ ಹೊಲದಲ್ಲಿ, ಮರದ ಕೆಳಗೆ ನಿಂತವರು ಸಿಡಿಲಿಗೆ ಸಾಯ್ತಾರೆ.

— ಇದಕ್ಕೇ ನಾನು ಹೇಳೋದು ಚಿಕ್ಕಮ್ಮ. ಕೆರೆ ಸುತ್ತ ಒಂದು ಒಳ್ಳೆ ಟ್ರ್ಯಾಕ್ ಮಾಡಿ, ಪೇವರ್ ಹಾಕಿ, ದೀಪ ಹಾಕಿದರೆ ಎಷ್ಟು ಜನ ಓಡಬಹುದು! ಹೆಣ್ಣುಮಕ್ಕಳು ಧೈರ್ಯವಾಗಿ ಬರಬಹುದು. ಹಾವು, ಹಳ್ಳ, ಕೆಸರು ಯಾವುದರ ತಾಪತ್ರಯವೂ ಇರಲ್ಲ.

— ಹೆಣ್ಣುಮಕ್ಕಳ ಮಾತು ಸುಳ್ಳಲ್ಲ. ನಾನೂ ಇಲ್ಲಿಗೆ ಒಬ್ಬಳೇ ಬರಲ್ಲ, ಕತ್ತಲಲ್ಲಿ ಬರಲ್ಲ. ಏರಿಯ ಕಡೆ, ಉದ್ಯಾನದ ಕಡೆ ದೀಪ ಇರಲಿ, ಕಾವಲು ಇರಲಿ. ಆದರೆ ಸುತ್ತಲೂ ಬೇಕು ಅನ್ನೋದನ್ನ ನಾನು ಒಪ್ಪಲ್ಲ. ಬೆಂಗಳೂರಿನಲ್ಲಿ ಎಷ್ಟೋ ಕೆರೆಗಳನ್ನ ಅಭಿವೃದ್ಧಿ ಅಂತ ಮಾಡಿದ್ದು ಹೀಗೇ ತಾನೇ? ಹೂಳೆತ್ತಿ ಸುತ್ತ ಕಡಿದಾದ ಏರಿ ಹಾಕಿ, ಅದರ ಮೇಲೆ ವಾಕಿಂಗ್ ಪಾತ್ ಮಾಡಿದರು. ಕೆರೆ ಬೋಗುಣಿಯ ಹಾಗಾಯಿತು. ಮೊದಲು ದಡ ಇಳಿಜಾರಾಗಿತ್ತು. ಗೇಣುದ್ದ ನೀರು, ಜೊಂಡು, ಕೆಸರು. ಉದ್ದ ಕಾಲಿನ ಹಕ್ಕಿಗಳು ಮೇಯೋದು ಆ ಗೇಣುದ್ದ ನೀರಿನಲ್ಲೇ. ಅದು ಹೋದರೆ ನೀರಿದ್ದರೂ ಅವಕ್ಕೆ ಕೆರೆಯಿಲ್ಲ. ಇನ್ನು ಪಾತ್ ಕೆಳಗೆ ಎರಡು ಪೈಪ್ ಇಟ್ಟು, ನೀರು ಬರೋ ದಾರಿ ಇಷ್ಟೇ ಅಂತ ತೀರ್ಮಾನ ಮಾಡ್ತಾರೆ. ನಾವು ಈಗ ಸುತ್ತಿಕೊಂಡು ಬಂದ ಹಳ್ಳ ಹಾಗೆ ಒಂದು ಪೈಪಾಗುತ್ತೆ. ಉತ್ತರೆ ಮಳೆಯಲ್ಲಿ ಅದರಲ್ಲಿ ಎಷ್ಟು ನೀರು ಬರುತ್ತೆ ಅಂತ ಆಫೀಸಿನಲ್ಲಿ ಕೂತು ನಕ್ಷೆ ಬರೆದವರಿಗೆ ಗೊತ್ತಿರಲ್ಲ, ಇಲ್ಲಿ ಓಡೋರಿಗೆ ಗೊತ್ತಿರುತ್ತೆ.

— ಕಾನೂನು ಇಲ್ಲವಾ ಇದಕ್ಕೆಲ್ಲ?

— ಇದೆ, ಆದರೆ ಅದರಲ್ಲಿ ದೊಡ್ಡ ತೂತು ಇದೆ. 2017ರ ಜೌಗುಪ್ರದೇಶ ಸಂರಕ್ಷಣಾ ನಿಯಮಗಳಲ್ಲಿ, ಕುಡಿಯೋ ನೀರಿಗೆ, ನೀರಾವರಿಗೆ, ಮನರಂಜನೆಗೆ ಅಂತ ಮನುಷ್ಯ ಕಟ್ಟಿದ ಜಲಾಶಯಗಳನ್ನ ಹೊರಗಿಟ್ಟಿದ್ದಾರೆ. ಯೋಚನೆ ಮಾಡು, ದಖ್ಖನ್ನಿನಲ್ಲಿ ಮನುಷ್ಯ ಕಟ್ಟದ ಕೆರೆ ಎಷ್ಟಿವೆ? ಮೈಸೂರಿನ ಕುಕ್ಕರಹಳ್ಳಿ, ಅಂಬಾಝರಿ, ಇಲ್ಲೇ ಪಕ್ಕದ ಫುಟಾಳಾ, ಎಲ್ಲವೂ ಕಟ್ಟಿದವೇ. ಫುಟಾಳಾದಲ್ಲಿ ಸಂಗೀತ ಕಾರಂಜಿ, ಗ್ಯಾಲರಿ ಕಟ್ಟಿದ್ದರ ಬಗ್ಗೆ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆ ನಿಯಮಗಳ ಪ್ರಕಾರ ಅದು ಜೌಗುಪ್ರದೇಶ ಅಲ್ಲ ಅಂತ 2025ರಲ್ಲಿ ತೀರ್ಪು ಬಂತು. ಆದರೆ ಕಟ್ಟಿದ ಕೆರೆಯೂ ಜನರ ಪರವಾಗಿ ಸರ್ಕಾರ ಕಾಪಾಡಬೇಕಾದ ಆಸ್ತಿ ಅನ್ನೋ ಮಾತನ್ನೂ ಕೋರ್ಟ್ ಹೇಳಿತು. ನನಗೆ ಭರವಸೆ ಇರೋದು ಆ ಎರಡನೇ ಮಾತಿನ ಮೇಲೆ. ನೂರೈವತ್ತು ವರ್ಷ ಮಳೆ ತುಂಬಿಕೊಂಡ ನೀರಿನಲ್ಲಿ ಮೀನಿಗೂ ಹಕ್ಕಿಗೂ ಇದು ಕಟ್ಟಿದ್ದು, ಅದು ಹುಟ್ಟಿದ್ದು ಅನ್ನೋ ಭೇದ ಇಲ್ಲ.

— ಅಲ್ಲಿ ನೋಡಿ, ಕಪ್ಪು ಬಿಳಿ ಹಕ್ಕಿ, ತಲೆಯ ಮೇಲೆ ಜುಟ್ಟು. ತಂತಿ ಮೇಲೆ.

— ಚಾತಕ! ಮುಂಗಾರಿನ ಜೊತೆಗೇ ಬರುತ್ತೆ ಇದು. ಚಾತಕ ಅಂದರೆ ನನಗೆ ಮೇಘದೂತ ನೆನಪಾಗುತ್ತೆ. ಅದರ ಯಕ್ಷ ಇದ್ದ ರಾಮಗಿರಿ ಅಂದರೆ ಇಲ್ಲಿಂದ 50 ಕಿಲೋಮೀಟರ್ ದೂರದ ರಾಮಟೇಕ್ ಅಂತ ಬಹಳ ವಿದ್ವಾಂಸರು ಹೇಳ್ತಾರೆ. ಬೇಂದ್ರೆಯವರು ಕನ್ನಡಕ್ಕೆ ತಂದ ಮೇಘದೂತ ನಮ್ಮ ಮನೆಯಲ್ಲಿ ಇತ್ತು, ನಿಮ್ಮಜ್ಜ ಓದಿಸ್ತಿದ್ದರು. ಆಗ ಆ ಗುಡ್ಡ ಎಲ್ಲಿದೆಯೋ ಗೊತ್ತಿರಲಿಲ್ಲ. ಮದುವೆಯಾಗಿ ಇಲ್ಲಿಗೆ ಬಂದ ಮೊದಲ ಆಷಾಢದಲ್ಲಿ ನಿಮ್ಮ ಚಿಕ್ಕಪ್ಪ ಕರೆದುಕೊಂಡು ಹೋಗಿ ತೋರಿಸಿದರು. ಕಪ್ಪು ಮೋಡ ಗುಡ್ಡದ ಸೊಂಟಕ್ಕೆ ಇಳಿದಿತ್ತು. ಈ ಊರು ನನ್ನದು ಅನ್ನಿಸಿದ್ದು ಅವತ್ತು.

— ನಾವು ಹೀಗೆ ಬಂದು ಓಡೋದರಿಂದ ಪ್ರಾಣಿಗಳಿಗೆ ತೊಂದರೆ ಆಗಲ್ವಾ? ಪೇವರ್ ಬೇಡ ಅಂತೀರಿ, ಆದರೆ ಕಾಲೂ ಕಾಲೇ.

— ಆಗುತ್ತೆ, ಅದಕ್ಕೇ ಕ್ರಮ ಬೇಕು. ಇರೋ ದಾರಿ ಬಿಟ್ಟು ಹೊಸ ದಾರಿ ಮಾಡಬಾರದು. ಕೆಸರು ಅಂತ ಪಕ್ಕದ ಹುಲ್ಲಿನ ಮೇಲೆ ಓಡಿದರೆ ಒಂದೇ ಮಳೆಗಾಲದಲ್ಲಿ ದಾರಿ ಮೂರು ಪಟ್ಟು ಅಗಲ ಆಗುತ್ತೆ, ಹಾಗಾಗಿ ಕೆಸರಿನ ಮಧ್ಯದಲ್ಲೇ ಹೋಗಬೇಕು. ಸ್ಪೀಕರ್ ಹಾಕಿಕೊಂಡು ಓಡೋರನ್ನ ನಾನು ನಿಲ್ಲಿಸಿ ಹೇಳ್ತೀನಿ. ನೆಲದ ಮೇಲೆ ಮೊಟ್ಟೆ ಇಡೋ ಟಿಟ್ಟಿಭ ಕೂಗಿಕೊಂಡು ತಲೆ ಮೇಲೆ ಸುತ್ತಿದರೆ ಅಲ್ಲಿಂದಲೇ ಹಿಂದೆ ತಿರುಗಬೇಕು. ನಾಗಪುರದಲ್ಲಿ 2021ರಲ್ಲಿ ಚಿರತೆ ಬಡಾವಣೆಗಳೊಳಗೇ ಓಡಾಡಿತ್ತು, ಹಾಗಾಗಿ ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಕೆರೆ ಪಕ್ಕದ ಈ ಕಾಡು ನಮ್ಮದಲ್ಲ. ಬೆಳಕು ಬಿದ್ದ ಮೇಲೆ ಗುಂಪಾಗಿ ಬಂದು, ಬಿಸಿಲೇರೋ ಮೊದಲು ಹೊರಡೋದು.

— ಆ ಹಸಿರು ಏನು, ನೀರಿನ ಮೇಲೆ? ದೂರದಿಂದ ಮೈದಾನ ಅನ್ನಿಸುತ್ತೆ.

— ಅಂತರಗಂಗೆ. ಗೊಬ್ಬರ ಸಿಕ್ಕ ನೀರಿನಲ್ಲಿ ಹೀಗೆ ಬೆಳೆಯುತ್ತೆ, ಆ ಗೊಬ್ಬರ ಅಂದರೆ ಮನೆಗಳ ಕೊಳಚೆ. ಯಂತ್ರ ತಂದು ತೆಗೀತಾರೆ, ಕೊಳಚೆ ನಿಲ್ಲದಿದ್ದರೆ ಮತ್ತೆ ಬರುತ್ತೆ. ಕಳೆ ತೆಗೆಯೋ ದುಡ್ಡಿನಲ್ಲಿ ಅರ್ಧವನ್ನಾದರೂ ಮೇಲ್ಗಡೆಯ ಮೋರಿಗಳಿಗೆ ಖರ್ಚು ಮಾಡಬೇಕು ಅಂತ ನಾನು ಸಿಕ್ಕಿದವರಿಗೆಲ್ಲ ಹೇಳ್ತಾ ಬಂದಿದ್ದೀನಿ. ಮಳೆಗಾಲದ ನೀರಿನ ಬಣ್ಣ ನೋಡು: ಹೊಲದ ಕಡೆಯಿಂದ ಬರೋದು ಚಹಾದ ಬಣ್ಣ, ಮಣ್ಣಿನ ವಾಸನೆ. ಕೊಳಚೆ ಸೇರಿದ್ದು ಬೂದುಬಣ್ಣ, ನೊರೆ, ಸಾಬೂನಿನ ವಾಸನೆ. ಇವತ್ತಿನ ದಾರಿಯಲ್ಲಿ ಬೂದುಬಣ್ಣದ್ದು ಎಷ್ಟು ಕಡೆ ಸಿಕ್ಕಿತು?

— ನಾಲ್ಕೈದು ಇರಬೇಕು. ಲೆಕ್ಕ ಇಡಲಿಲ್ಲ. ಆದರೆ ಚಿಕ್ಕಮ್ಮ, ಈ ವಾಚು ಪ್ರತಿ ಹೆಜ್ಜೆಯ ಜಾಗವನ್ನ ಬರೆದಿಟ್ಟುಕೊಳ್ಳುತ್ತೆ. ನೀರು ಸೇರೋ ಪ್ರತಿ ಕಡೆ ಈ ಗುಂಡಿ ಒತ್ತಿದರೆ ನಕ್ಷೆಯಲ್ಲಿ ಗುರುತು ಬೀಳುತ್ತೆ. ಮಳೆಗಾಲ ಪೂರ್ತಿ ಹಾಗೆ ಮಾಡಿದರೆ ಯಾವ ಮಳೆಯಲ್ಲಿ ಯಾವ ಮೋರಿ ಎಷ್ಟು ಹರಿಯಿತು ಅನ್ನೋದೇ ಸಿಗುತ್ತೆ.

— ಇದನ್ನ ನೀನು ಬಂದ ವಾರವೇ ಹೇಳಬಾರದಿತ್ತಾ! ಮಾಡೋಣ. ಬರೀ ಗುರುತು ಸಾಲದು, ಫೋಟೋ ಬೇಕು. ಅದರಲ್ಲಿ ತಾರೀಖು, ಗಂಟೆ ಇರಲಿ. ಹಿಂದಿನ ದಿನ ಎಷ್ಟು ಮಳೆ ಬಿತ್ತು ಅಂತ ಹವಾಮಾನ ಇಲಾಖೆಯ ಅಂಕಿ ಪಕ್ಕದಲ್ಲಿ ಬರಿ. ನೀರಿನ ಆಳಕ್ಕೆ ಒಂದು ಕೋಲಿಗೆ ಗೆರೆ ಹಾಕಿ ಇಟ್ಟುಕೋ. ಮರಾಠಿಯಲ್ಲಿ ಅರ್ಜಿ ನಾನು ಬರೀತೀನಿ, ಮಹಾನಗರಪಾಲಿಕೆಯಲ್ಲಿ ಯಾವ ಟೇಬಲಿಗೆ ಕೊಡಬೇಕು ಅಂತ ನನಗೆ ಗೊತ್ತು. ನಮ್ಮ ಗುಂಪಿನವರಿಗೂ ಹೇಳೋಣ, ಒಬ್ಬೊಬ್ಬರು ಒಂದೊಂದು ಕಡೆಯಿಂದ ಓಡಿದರೆ ಪೂರ್ತಿ ಸುತ್ತು ಸಿಗುತ್ತೆ.

— ಹಾಗಾದರೆ ವೇಗ ಇನ್ನೂ ಕಡಿಮೆಯಾಗುತ್ತೆ. ನಿಂತು ನಿಂತು ಹೋಗಬೇಕಾಗುತ್ತೆ.

— ಫೋಟೋ ತೆಗೆಯೋದು ಮೊದಲ ಹದಿನೈದು ಕಿಲೋಮೀಟರಿನಲ್ಲಿ ಮುಗಿಯಲಿ, ಆಮೇಲೆ ನಿಲ್ಲದೆ ಓಡು. ಮುಂದಿನ ಭಾನುವಾರ 20ಕ್ಕೆ ಇಳಿಸು. ಮೂರು ವಾರ ಏರಿಸಿದ್ದೀಯಾ, ಕಾಲಿಗೆ ಬಿಡುವು ಬೇಕು, ಈ ಕೆಲಸ ಶುರುಮಾಡೋಕೂ ಅದೇ ಸರಿಯಾದ ವಾರ. ಈಗ ಕೊನೇ ಮೂರು ಕಿಲೋಮೀಟರ್ ಏರಿ ಮೇಲೆ, ಗಾಳಿ ಎದುರಿಗೆ ಬರುತ್ತೆ, ಭುಜ ಸಡಿಲ ಬಿಡು. ಮುಗಿಸಿ ತರ್ರಿ ಪೋಹೆ ತಿನ್ನೋಣ. ಮನೆಗೆ ಹೋದ ತಕ್ಷಣ ಆ ಬೊಬ್ಬೆಯನ್ನ ಸಾಬೂನು ಹಾಕಿ ತೊಳೆದು ಔಷಧಿ ಹಚ್ಚು, ಶೂ ಒಳಗೆ ಹಳೇ ಪೇಪರ್ ತುರುಕಿ ಫ್ಯಾನಿನ ಕೆಳಗೆ ಇಡು. ಬುಧವಾರದೊಳಗೆ ಒಣಗಬೇಕು.